ಚಹಾ ಕೇಳುವ ರಾಗ

ತೆರೆಕ್-ಸೂ ಹಳ್ಳಿಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಮೊದಲು ಒಂದು ಕುದುರೆ ಹುಡುಕುತ್ತಿದ್ದರು, ಸಾವಿನೂಟಕ್ಕೆ ಕೊಯ್ಯುವುದಕ್ಕೆ. ಆಮೇಲೆ ಬುರುಲ್‌ಳನ್ನು ಹುಡುಕುತ್ತಿದ್ದರು, ಅಳಿಸುವುದಕ್ಕೆ. ಮುಲ್ಲಾನ ಸರದಿ ಮೂರನೆಯದು. ಹೊಸದಾಗಿ ಬಂದ ಮುಲ್ಲಾನಿಗೆ ಈ ಸರದಿ ಹಿಡಿಸಿರಲಿಲ್ಲ. ಹಾಡಿಕೊಂಡು ಅತ್ತರೆ ಸತ್ತವರಿಗೆ ಗೋರಿಯೊಳಗೆ ಹಿಂಸೆಯಾಗುತ್ತದೆ ಎಂದು ಅವನು ಶುಕ್ರವಾರ ತಪ್ಪದೆ ಹೇಳುತ್ತಿದ್ದ. ಜನ ತಲೆಯಾಡಿಸಿ ಕೇಳಿ, ತಮ್ಮ ಮನೆಯಲ್ಲಿ ಸಾವಾದ ದಿನ ಬುರುಲ್‌ಳ ಬಾಗಿಲಿಗೆ ಓಡುತ್ತಿದ್ದರು. ತನ್ನ ತಾಯಿ ತೀರಿಕೊಂಡಾಗ ಮುಲ್ಲಾನೂ ಓಡಿದ. ಬುರುಲ್ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಮರೆತೂ ಇರಲಿಲ್ಲ.

ಸತ್ತವರ ಅಂಗಳದಲ್ಲಿ ಉಣ್ಣೆಯ ಗುಡಾರ ಎಬ್ಬಿಸಿ, ಹೆಣವನ್ನು ಒಳಗೆ ಪರದೆಯ ಹಿಂದೆ ಮಲಗಿಸುತ್ತಾರೆ. ಹೆಂಡತಿ, ಹೆಣ್ಣುಮಕ್ಕಳು, ಸೊಸೆಯರು ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ. ಹೊರಗೆ ನೆಂಟರ ಗುಂಪು ‘ಅಯ್ಯೋ ನನ್ನಣ್ಣಾ’ ಎಂದು ಬೊಬ್ಬೆಯಿಡುತ್ತ ಅಂಗಳಕ್ಕೆ ಬಂದ ಕೂಡಲೇ ಒಳಗೆ ಹೆಂಗಸರು ರಾಗ ಎತ್ತಬೇಕು. ಬರೀ ಅಳು ಸಾಲದು. ಅಳು ಕತ್ತೆಗೂ ಬರುತ್ತದೆ. ಸತ್ತವನು ಯಾವ ಕುದುರೆ ಹತ್ತಿದ, ಯಾರಿಗೆ ರೊಟ್ಟಿ ಮುರಿದು ಕೊಟ್ಟ, ಇನ್ನು ಮುಂದೆ ಆ ಮನೆಯ ಯಾವ ಮೂಲೆ ಖಾಲಿ, ಅದೆಲ್ಲ ಪದ ಪದವಾಗಿ ಬರಬೇಕು. ಹಿಂದೆ ತಾಯಂದಿರು ಮಗಳ ಮದುವೆಗೆ ಮುಂಚೆಯೇ ಇದನ್ನು ಕಲಿಸಿ ಕಳಿಸುತ್ತಿದ್ದರು. ಈಗಿನ ಹುಡುಗಿಯರಿಗೆ ಫೋನಿನಲ್ಲಿ ಬೆರಳಾಡಿಸುವುದು ಬರುತ್ತದೆ, ಅಪ್ಪ ಸತ್ತ ದಿನ ಬಾಯಿ ಬರುವುದಿಲ್ಲ. ಹಾಗಾಗಿ ಬುರುಲ್ ಅವರ ಬೆನ್ನ ಹಿಂದೆ ಕೂತು, ಕಿವಿಯ ಹತ್ತಿರ ಬಾಗಿ, ಒಂದೊಂದೇ ಸಾಲು ಹೇಳಿಕೊಡುತ್ತಿದ್ದಳು. ಅವರು ಅದನ್ನೇ ದನಿ ಎತ್ತಿ ಹಾಡುತ್ತಿದ್ದರು. ಕಂಠ ವಿಧವೆಯದು, ಮಾತು ಬುರುಲ್‌ಳದು. ನಲವತ್ತೇಳು ವರ್ಷದಲ್ಲಿ ಹೀಗೆ ಎಷ್ಟು ವಿಧವೆಯರಿಗೆ ಮಾತು ಕೊಟ್ಟಳೋ, ಅವಳಿಗೇ ನೆನಪಿರಲಿಲ್ಲ.

ಇದಕ್ಕೆ ಒಂದೇ ಕಟ್ಟು. ಸಾವಿಲ್ಲದ ಮನೆಯಲ್ಲಿ ಆ ರಾಗ ಎತ್ತಬಾರದು, ಗುನುಗಲೂ ಬಾರದು. ಗುನುಗಿದರೆ ಸಾವು ಮನೆ ಹುಡುಕಿಕೊಂಡು ಬರುತ್ತದೆ. ಹಸುವಿನ ಕೆಚ್ಚಲ ಕೆಳಗೆ ಕೂತಾಗ, ಹಿಟ್ಟು ನಾದುವಾಗ, ಗಂಟಲಿಗೆ ಬಂದ ರಾಗವನ್ನು ಬುರುಲ್ ಎಷ್ಟೋ ಸಲ ಎಂಜಲಿನ ಜೊತೆ ನುಂಗಿದ್ದಳು.

ಅವಳ ಗಂಡ ಎಸೆನ್‌ಕುಲ್ ಐವತ್ತು ವರ್ಷ ಕುದುರೆ ಮಂದೆ ಕಾಯ್ದವನು. ಎಪ್ಪತ್ತೆರಡಾದರೂ ಬಾಯಿಗೆ ಬೀಗವಿಲ್ಲ. ಎಡಗೈಯಲ್ಲಿ ಎರಡು ಬೆರಳಿಲ್ಲ. ಒಂದು ಚಳಿಗಾಲ ಕಣಿವೆಯಲ್ಲಿ ಸಿಕ್ಕಿಕೊಂಡ ಎಳೆ ಕುದುರೆಮರಿಯನ್ನು ತನ್ನ ಮೇಲಂಗಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಾಗ ಹಿಮ ಕಚ್ಚಿ ಹೋದವು ಅವು. ಚಹಾದ ಹೊತ್ತಿಗೆ ಅವನದು ಒಂದೇ ರಾಗ.

"ಮೊದ್ಲು ನಾನೇ ಹೋಗೋದು ಕಣೇ ಮುದುಕಿ, ಈಗ್ಲೇ ಹೇಳಿರ್ತೀನಿ. ನೀನು ಮುಂಚೆ ಹೋದ್ರೆ ನನಗ್ಯಾರು ಹಾಡ್ತಾರೆ? ಪಕ್ಕದ್ಮನೆ ಕಾಸಿಮಾಲಿ ಬೇಲಿ ಹಿಡ್ಕೊಂಡು ಗೂಳಿ ಥರ ಗುಟುರು ಹಾಕ್ತಾನೆ, ಅಷ್ಟೆ."

"ನಿಮ್ಮ ಬಗ್ಗೆ ಏನಂತ ಹಾಡೋದು? ಒಂದ್ಸಲನಾದ್ರೂ ಒಲೆ ಬೂದಿ ತೆಗ್ದಿದ್ದೀರಾ?"

"ಅದನ್ನೇ ಹಾಡು. ಜನಕ್ಕೂ ಗೊತ್ತಾಗ್ಲಿ. ಊರ ಗಂಡಸರಿಗೆಲ್ಲ ಹಾಡಿದ್ದೀಯ, ನನಗೊಂದು ಹಾಡಲ್ವಾ?"

"ಬಿಡ್ತು ಅನ್ನಿ. ಮುಚ್ಚಿ ಬಾಯಿ."

ಬುರುಲ್ ರೊಟ್ಟಿಯ ತುಂಡನ್ನು ಅವನ ಕಡೆಗೆ ನೂಕುತ್ತಿದ್ದಳು. ನಿಜ ಹೇಳಬೇಕೆಂದರೆ ಅವನ ಹಾಡು ಅವಳೊಳಗೆ ಯಾವತ್ತೋ ಹುಟ್ಟಿಬಿಟ್ಟಿತ್ತು. ಕೇಳದೆಯೇ ಬಂದು ಕೂತಿದ್ದ ಸಾಲುಗಳು. ಬೆರಳೆರಡ ಹಿಮಕೆ ಕೊಟ್ಟು ಮರಿಯೊಂದ ತಂದವನೇ. ಅದು ತಲೆಯೊಳಗೆ ಎದ್ದಾಗಲೆಲ್ಲ ಬುರುಲ್ ಗಟ್ಟಿಯಾಗಿ ಹಸುವನ್ನು ಬೈಯುತ್ತಿದ್ದಳು.

ಆ ಜನವರಿಯಲ್ಲಿ ಹಳ್ಳಿಗೆ ಜ್ವರ ಬಂತು. ಗಂಟಲು ಕೆರೆತದಿಂದ ಶುರುವಾಗಿ ಮೈಕೈಯೆಲ್ಲ ಮುರಿದು ಹಾಕುವ ಶೀತಜ್ವರ. ಶಾಲೆ ಮುಚ್ಚಿದರು. ಮನೆ ಮನೆಯಲ್ಲೂ ಕೆಮ್ಮು. ಗಟ್ಟಿ ಇದ್ದವರು ನಾಲ್ಕು ದಿನ ಮಲಗಿ ಎದ್ದರು, ಮುದುಕರು ಒಬ್ಬೊಬ್ಬರೇ ಏಳದೆ ಹೋದರು. ಮೂರು ವಾರದಲ್ಲಿ ನಾಲ್ಕು ಗುಡಾರ ಎದ್ದವು. ಎರಡನೆಯ ಗುಡಾರದಲ್ಲಿ ಕೂತಾಗಲೇ ಬುರುಲ್‌ಳ ಮೈ ಸುಡುತ್ತಿತ್ತು.

ಸೊಸೆ ಅಸಿಪಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಮಗ ಗಡಿಯ ಕಣಿವೆದಾರಿಯಲ್ಲಿ ಹಿಮ ತಳ್ಳುವ ಯಂತ್ರ ನಡೆಸುತ್ತ ವಾರಗಟ್ಟಲೆ ಅಲ್ಲೇ ಇರುತ್ತಿದ್ದುದರಿಂದ ಅತ್ತೆ ಮಾವ ಇಬ್ಬರ ಹೊಣೆಯೂ ಅವಳದೇ. ಅತ್ತೆ ಅವಳಿಗೂ ಊರವರಿಗೂ ‘ಅಪಾ’, ಅಂದರೆ ಅಮ್ಮ; ಮಾವ ‘ಅತಾ’, ಅಂದರೆ ಅಪ್ಪ. ಅವಳು ಊರಿನ ದಾದಿಯನ್ನು ಕರೆತಂದಳು. ದಾದಿ ಬುರುಲ್‌ಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ ಹುಬ್ಬು ಗಂಟಿಕ್ಕಿದಳು.

"ಅಪಾ, ಹದಿನೈದು ದಿನ ಹಾಸಿಗೆ ಬಿಟ್ಟು ಏಳ್ಬೇಡಿ. ಬಿಪಿ ಮಾತ್ರೆ ತಪ್ಪಿಸ್ಬೇಡಿ. ಜ್ವರ ಬಿಟ್ತು ಅಂದ ಮಾತ್ರಕ್ಕೆ ಒಳಗಿಂದೆಲ್ಲ ಬಿಟ್ತು ಅಂತಲ್ಲ."

"ನೆಗಡಿಗೆ ಹೆದರ್ಕೊಂಡು ಹೆಣನ ಕಾಯಿಸಕ್ಕಾಗುತ್ತೇನಮ್ಮಾ?" ಅಂದಳು ಬುರುಲ್. ಮೆಣಸು ಹಾಕಿದ ಕುರಿಮಾಂಸದ ಸಾರು ಎರಡು ಬಟ್ಟಲು ಕುಡಿದು, ಬೆವರು ಇಳಿದ ಮೇಲೆ, ಮೂರನೆಯ ಸಾವಿಗೂ ಎದ್ದು ಹೋದಳು.

ನಾಲ್ಕನೆಯದು ಮುದುಕ ಶಾರ್ಷೆನ್‌ನ ಸಾವು. ಅಷ್ಟು ಹೊತ್ತಿಗೆ ಬುರುಲ್‌ಗೆ ಜ್ವರ ಬಿಟ್ಟು ಹತ್ತು ದಿನವಾಗಿತ್ತು, ಕೆಮ್ಮು ಮಾತ್ರ ಉಳಿದಿತ್ತು. ಶಾರ್ಷೆನ್‌ಗೆ ಇದ್ದವಳು ಒಬ್ಬಳೇ ಮಗಳು ಕಾನಿಮ್, ರಾಜಧಾನಿಯಲ್ಲಿ ಬಟ್ಟೆ ಅಂಗಡಿಯವಳು. ಒಂದು ಸಾಲು ಬಾರದು. ಬುರುಲ್ ಅವಳ ಹಿಂದೆ ಮೊಣಕಾಲೂರಿ ಕೂತು, ಬೆಳಗಿನಿಂದ ಗುಂಪಿನ ಮೇಲೆ ಗುಂಪಿಗೆ ಸಾಲು ಕೊಡುತ್ತಿದ್ದಳು.

ಹನ್ನೊಂದು ಗಂಟೆಯ ಸುಮಾರಿಗೆ ಬಲಗೈ ಜೋಮು ಹಿಡಿಯಿತು. ಚಳಿಗೆ ಇರಬೇಕೆಂದು ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಹೊರಗೆ ಇನ್ನೊಂದು ಗುಂಪಿನ ಬೊಬ್ಬೆ ಕೇಳಿತು. ಬುರುಲ್ ಕಾನಿಮ್‌ಳ ಕಿವಿಗೆ ಬಾಗಿ ‘ಬೆಟ್ಟದಂಥ ನನ್ನಪ್ಪಾ’ ಎಂದು ಹೇಳಹೊರಟಳು. ಬಾಯಿಂದ ಬಂದದ್ದು ‘ಚಮಚ’.

ಇನ್ನೊಮ್ಮೆ ಹೇಳಿದಳು. ಇನ್ನೊಮ್ಮೆಯೂ ಚಮಚ.

ಕಾನಿಮ್ ಪಾಪ, ಇದೇನೋ ಹಿಂದಿನವರ ದೊಡ್ಡ ಮಾತಿರಬೇಕೆಂದು ದನಿ ಎತ್ತಿ ಹಾಡಿಬಿಟ್ಟಳು. "ಚಮಚವೇ, ನನ್ನಪ್ಪಾ, ಚಮಚವೇ..." ಆಮೇಲೆ ಬಾಗಿಲ ಬಳಿ ಯಾರೋ ಮುದುಕಿ, "ಅಯ್ಯೋ ನನ್ನ ಕಂದಾ, ಅವನ ಚಮಚ ಒಂಟಿಯಾಗಿ ಉಳೀತಲ್ಲೇ!" ಎಂದು ಎದೆ ಬಡಿದುಕೊಂಡಳು. ಅಷ್ಟು ಸಾಕಾಯಿತು. ಆ ದಿನ ಬೆಳಗಿನಿಂದ ಅಷ್ಟು ಅಳು ಯಾರಿಗೂ ಬಂದಿರಲಿಲ್ಲ.

ಬುರುಲ್‌ಗೆ ಎಲ್ಲವೂ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು. ತಪ್ಪಾಯಿತು ಎಂದು ತಿಳಿಯುತ್ತಿತ್ತು. ನನಗೇನೋ ಆಗುತ್ತಿದೆ, ನನ್ನನ್ನು ಎತ್ತಿ ಎನ್ನಲು ಹೋದರೆ ಬರೀ ‘ಊ’ ಎಂಬ ದನಿ. ಪಕ್ಕದವಳು ಬೆನ್ನು ಸವರಿ, "ಅತ್ಬಿಡಿ ಅಪಾ, ಒಳಗೆ ಇಟ್ಕೋಬೇಡಿ," ಅಂದಳು. ಮುಖವೆಲ್ಲ ಗೋಡೆಯ ಕಡೆಗಿದ್ದಾಗ ಯಾರ ಬಾಯಿ ಯಾವ ಕಡೆ ಜೋಲಿತೆಂದು ಯಾರಿಗೆ ಕಾಣುತ್ತದೆ? ಇನ್ನೂ ಎರಡು ಗುಂಪು ಬಂದವು. ಬುರುಲ್ ಊ ಎಂದಳು, ಹೆಂಗಸರು ಅವಳ ದುಃಖ ಕೇಳಿ ಇನ್ನಷ್ಟು ಅತ್ತರು. ನಲವತ್ತೇಳು ವರ್ಷ ಊರನ್ನು ಅಳಿಸಿದವಳು ಆವತ್ತು ಸಹಾಯಕ್ಕೆ ಕೂಗುತ್ತಿದ್ದಾಳೆಂದು ಒಬ್ಬರಿಗೂ ಹೊಳೆಯಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಊಟಕ್ಕೆ ಕರೆ ಬಂದು ಎಲ್ಲರೂ ಈ ಕಡೆ ತಿರುಗಿದಾಗ ಒಂದೂವರೆ ಗಂಟೆ. ಬುರುಲ್‌ಳ ಬಲಗೆನ್ನೆ ಇಳಿದುಹೋಗಿತ್ತು. ಜೊಲ್ಲಿನಿಂದ ತಲೆವಸ್ತ್ರದ ಗಂಟು ಒದ್ದೆಯಾಗಿತ್ತು.

"ಗಾಳಿ ಸೋಕಿದೆ," ಅಂದಳು ಬಾತ್ಮಾ. ಮಂತ್ರ ಹಾಕುವ, ದೃಷ್ಟಿ ತೆಗೆಯುವ ಮುದುಕಿ. "ಹೆಣದ ಗಾಳಿ. ಸರೀರಿ ಎಲ್ಲ."

ಬಾಯ್ತುಂಬ ತಣ್ಣೀರು ತುಂಬಿಕೊಂಡು ಬುರುಲ್‌ಳ ಮುಖಕ್ಕೆ ಫೂ ಎಂದು ಉಗಿದಳು. ಮೂರು ಸಲ. ಬಾಯಿ ನೆಟ್ಟಗಾಗಲಿಲ್ಲ. ಗಂಡಸರ ಕಡೆಯಿಂದ ಎಸೆನ್‌ಕುಲ್ ಓಡಿಬಂದ. ಹೆಂಡತಿಯ ಮುಖ ನೋಡಿದವನೇ, "ಕರೀ ಕುರಿ ಕೊಯ್ರೋ! ಶ್ವಾಸಕೋಶ ಬಿಸಿ ಬಿಸಿಯಾಗಿ ತನ್ನಿ!" ಎಂದು ಕೂಗಿದ. ಹೌದು, ಕೂಗಿದವನು ಅವನೇ. ಗಾಳಿ ಬಿಡಿಸಲು ಅವನ ತಾಯಿ ಅವನಿಗೆ ಹಾಗೇ ಮಾಡಿದ್ದಳು, ಅವಳ ತಾಯಿಯೂ ಹಾಗೇ. ಕುರಿ ಹಿಡಿದು, ಕೊಯ್ದು, ಬಗೆದು ತರುವಷ್ಟರಲ್ಲಿ ಮತ್ತೆ ಮುಕ್ಕಾಲು ಗಂಟೆ. ಎಸೆನ್‌ಕುಲ್ ಹೆಂಡತಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಾತ್ಮಾ ಹಬೆಯಾಡುವ ಶ್ವಾಸಕೋಶವನ್ನು ಅವಳ ಬೆನ್ನಿಗೆ, ಭುಜಕ್ಕೆ, ಸತ್ತ ಕೆನ್ನೆಗೆ ಫಟ್ ಫಟ್ ಎಂದು ಬಡಿದಳು. ರಕ್ತ ಬುರುಲ್‌ಳ ಕಣ್ಣಿಗೆ ಹೋಯಿತು. ಒರೆಸಿಕೊಳ್ಳೋಣವೆಂದರೆ ಕೈ ಏಳಲಿಲ್ಲ.

ಶಾಲೆಯಿಂದ ಅಸಿಪಾ ಬಂದದ್ದು ಆಗ. ಹನ್ನೊಂದು ವರ್ಷದಲ್ಲಿ ಮಾವನ ಎದುರು ತಲೆ ಎತ್ತಿ ಮಾತಾಡದ ಸೊಸೆ ಗುಡಾರದ ಬಾಗಿಲಲ್ಲಿ ನಿಂತು ಕಿರುಚಿದಳು.

"ಬಿಡಿ ಅವರನ್ನ! ಇದು ಗಾಳೀನೂ ಅಲ್ಲ, ದೆವ್ವಾನೂ ಅಲ್ಲ. ಲಕ್ವ ಹೊಡ್ದಿದೆ! ಎಷ್ಟೊತ್ತಾಯ್ತು? ಅತಾ, ಎಷ್ಟೊತ್ತಾಯ್ತು ಹೀಗಾಗಿ? ಯಾರಾದ್ರೂ ಕಾರು ತೆಗೀರಿ!"

ಎಷ್ಟು ಹೊತ್ತಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳಿಗೆ ಬಾಯಿರಲಿಲ್ಲ.

ಹಿಮದ ದಾರಿಯಲ್ಲಿ ಕಾರು ಎರಡು ಕಡೆ ಹೂತುಕೊಂಡಿತು. ಕಣಿವೆಯ ಕೆಳಗಿನ ಆಸ್ಪತ್ರೆ ಮುಟ್ಟುವಾಗ ಸಂಜೆಯಾಗಿತ್ತು. ವೈದ್ಯೆ ಚಿಕ್ಕ ವಯಸ್ಸಿನವಳು, ದಣಿದ ಕಣ್ಣಿನವಳು. ಬುರುಲ್‌ಳ ಕೂದಲಿಗೆ ಅಂಟಿದ್ದ ರಕ್ತ ನೋಡಿ ಮೊದಲು ಗಾಬರಿಯಾದಳು, ವಿಷಯ ಕೇಳಿ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಆಮೇಲೆ, "ಈಚೆಗೆ ಜ್ವರ ಬಂದಿತ್ತಾ?" ಎಂದು ಕೇಳಿದಳು.

"ಬಂದು ಹೋಯ್ತು," ಅಂದ ಎಸೆನ್‌ಕುಲ್. "ಬರೀ ನೆಗಡಿ ಜ್ವರ. ಹತ್ತು ದಿನ ಆಯ್ತು ಬಿಟ್ಟು."

"ಅದು ಮೂಗಲ್ಲಿ ಮಾತ್ರ ಇರುತ್ತೆ ಅಂದ್ಕೊಂಡ್ರಾ? ಅಂಥ ಜ್ವರ ಬಂದಾಗ ರಕ್ತ ಮಂದ ಆಗುತ್ತೆ, ನಾಳ ಊದ್ಕೊಳ್ಳುತ್ತೆ. ಜ್ವರ ಬಿಟ್ಮೇಲೂ ಕೆಲವು ವಾರ ಗಂಡಾಂತರ ತಪ್ಪಿದ್ದಲ್ಲ. ಬಿಪಿ ಇರೋ ವಯಸ್ಸಾದವರಿಗೆ ಹೆಪ್ಪು ಕಟ್ಟಿ ನೇರ ಮೆದುಳಿಗೇ ಹೋಗುತ್ತೆ. ಪ್ರತಿ ಚಳಿಗಾಲ ಹೀಗೆ ಬರ್ತಾರೆ. ಆದ್ರೆ ಹೆಪ್ಪು ಕರಗಿಸೋ ಔಷಧಿಗೆ ನಾಲ್ಕೂವರೆ ಗಂಟೆ ಒಳಗೆ ಬರ್ಬೇಕಿತ್ತು, ಅಜ್ಜ."

ಎಸೆನ್‌ಕುಲ್ ಬೆರಳು ಮಡಿಚಿ ಗಂಟೆ ಎಣಿಸಿದ. ಎಂಟೇ ಬೆರಳಿನವನಿಗೂ ಅದು ತಿಳಿಯಿತು. ಕುರಿಗಾಗಿ ಕಾದ ಮುಕ್ಕಾಲು ಗಂಟೆಯ ಹತ್ತಿರ ಬಂದಾಗ ಎಣಿಸುವುದನ್ನು ನಿಲ್ಲಿಸಿದ.

ಮೂರು ವಾರ ಬಿಟ್ಟು ಮನೆಗೆ ಕಳಿಸುವಾಗ ವೈದ್ಯೆ ಇನ್ನೊಂದು ಮಾತು ಹೇಳಿದಳು. "ಮೆದುಳಲ್ಲಿ ಮಾತಿನ ಜಾಗ ಹೋಗಿದೆ. ಹಾಡಿನ ಜಾಗ ಇನ್ನೊಂದು ಕಡೆ ಇರುತ್ತೆ, ಅದು ಚೆನ್ನಾಗಿದೆ. ಕೆಲವರಿಗೆ ಮಾತು ಬರದಿದ್ರೂ ಹಾಡಿದ್ರೆ ಬರುತ್ತೆ. ಅವರಿಗೆ ಗೊತ್ತಿರೋ ಹಾಡು ಹಾಡಿಸ್ತಾ ಇರಿ."

ಎಸೆನ್‌ಕುಲ್ ಟೋಪಿ ತಿರುಗಿಸುತ್ತ ನಿಂತ. ಇವಳಿಗೆ ಗೊತ್ತಿರುವುದು ಎಂಥ ಹಾಡೆಂದು ಆ ಹುಡುಗಿಗೆ ಹೇಗೆ ಹೇಳುವುದು?

ಮನೆಯಲ್ಲಿ ಒಲೆಯ ಪಕ್ಕ, ನೆಲದ ಮೇಲೆ, ಬುರುಲ್‌ಗೆ ಹಾಸಿಗೆ ಹಾಸಿದರು. ಬಲಗೈ ಬಲಗಾಲು ಕೊರಡು. ಬಾಯಲ್ಲಿ ಉಳಿದದ್ದು ಒಂದೇ ಮಾತು, ಚಮಚ. ನೀರಿಗೂ ಚಮಚ, ನೋವಿಗೂ ಚಮಚ, ಗಂಡನಿಗೂ ಚಮಚ. ಮೊದಮೊದಲು ಅಸಿಪಾ ನಿಜವಾಗಿಯೇ ಚಮಚ ತಂದುಕೊಡುತ್ತಿದ್ದಳು. ಒಂದು ದಿನ ದಿಂಬಿನ ಪಕ್ಕ ಐದು ಚಮಚ ಸೇರಿದ್ದವು. ಬುರುಲ್ ಎಡಗೈಯಿಂದ ಅವನ್ನೆಲ್ಲ ಗೋಡೆಗೆ ಎಸೆದಳು. ಆಮೇಲೆ ಸೊಸೆಯ ಉಡುಪಿನ ಅಂಚು ಹಿಡಿದು ಅತ್ತಳು. ಅಸಿಪಾಳೂ ಅತ್ತಳು.

ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಇವರಿಬ್ಬರೇ. ಎಸೆನ್‌ಕುಲ್ ಜೀವಮಾನದಲ್ಲಿ ಮೊದಲ ಸಲ ಒಲೆಯ ಬೂದಿ ತೆಗೆದ, ಮೊದಲ ಸಲ ಚಹಾ ಬಸಿದ. ನಮ್ಮಲ್ಲಿ ಪ್ರೀತಿಯ ಮನೆಯಲ್ಲಿ ಬಟ್ಟಲಿಗೆ ಅರ್ಧವೇ ಚಹಾ ಹಾಕುವುದು, ಮತ್ತೆ ಮತ್ತೆ ಕೇಳಲಿ ಎಂದು. ಬಟ್ಟಲು ತುಂಬ ಹಾಕಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದ ಹಾಗೆ. ಅವನು ಅಂಚಿನವರೆಗೂ ತುಂಬಿಸಿ, ಮೇಲೆಲ್ಲ ಚೆಲ್ಲಿಕೊಂಡು ತಂದ. ಬುರುಲ್ ಬಟ್ಟಲು ನೋಡಿದಳು, ಅವನನ್ನು ನೋಡಿದಳು. ಅರ್ಧ ಬಾಯಿಯಲ್ಲಿ ನಕ್ಕಳು.

"ಏನೇ? ಓಹೋ, ಮನೆಯಿಂದ ಅಟ್ತಿದ್ದೀನಿ ಅಂದ್ಕೊಂಡ್ಯಾ? ಈ ಕಾಲಲ್ಲಿ ಎಲ್ಲಿಗೆ ಹೋಗ್ತೀಯ ಹೋಗು, ನೋಡೋಣ," ಅಂದ ಎಸೆನ್‌ಕುಲ್. ಅಂದವನು ಕಟ್ಟಿಗೆ ತರುವ ನೆಪದಲ್ಲಿ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮಾರ್ಚ್ ತಿಂಗಳ ಒಂದು ಭಾನುವಾರ ಅದು ಬಂತು. ಅಸಿಪಾ ಹಿಟ್ಟು ನಾದುತ್ತಿದ್ದಳು, ಎಸೆನ್‌ಕುಲ್ ಜೀನಿನ ಪಟ್ಟಿ ಹೊಲಿಯುತ್ತಿದ್ದ. ಬುರುಲ್‌ಗೆ ಬಾಯಾರಿತ್ತು. ಚಮಚ ಎಂದು ಮೂರು ಸಲ ಅಂದಳು, ಇಬ್ಬರೂ ತಲೆ ಎತ್ತಲಿಲ್ಲ. ಆಗ ಗಂಟಲ ಆಳದಿಂದ ಆ ರಾಗ ತಾನಾಗಿ ಎದ್ದಿತು. ರಾಗದ ಬಾಲ ಹಿಡಿದುಕೊಂಡು ಮಾತು ಬಂತು.

"ಒಲೆಯ ಮುಂದಿನ ಒಡೆಯಾ, ಗಂಟಲೊಣಗಿತು ಚಹಾ ತಾರೋ..."

ಅಸಿಪಾ ಹಿಟ್ಟಿನ ಕೈಯಲ್ಲೇ ಜಿಗಿದೆದ್ದಳು. "ಅಪಾ! ಮಾತು ಬಂತು! ಅತಾ, ಅಪಾಗೆ ಮಾತು ಬಂ..." ಅಷ್ಟರಲ್ಲಿ ರಾಗ ಯಾವುದೆಂದು ತಿಳಿದು, ಬಾಯಿಗೆ ಕೈ ಅಡ್ಡ ಹಿಡಿದಳು. ಎಸೆನ್‌ಕುಲ್‌ನ ಸೂಜಿ ನಿಂತಿತ್ತು. ಬುರುಲ್‌ಗೂ ತಿಳಿಯಿತು. ಸಾವಿಲ್ಲದ ಮನೆ. ಎದುರಿಗೆ ಎಪ್ಪತ್ತೆರಡರ ಗಂಡ. ಅವಳು ತುಟಿ ಕಚ್ಚಿಕೊಂಡಳು.

ಸುದ್ದಿ ಹೇಗೋ ಬಾತ್ಮಾಳ ಕಿವಿಗೆ ಬಿದ್ದು ಅವಳು ಓಡೋಡಿ ಬಂದಳು. "ಅವಳ ಬಾಯಿ ಮುಚ್ಚಿಸ್ರೇ! ಮನೇಲಿ ಮಕ್ಕಳು ಮರಿ ಇದ್ದಾವೆ. ಕರೆದು ಮಣೆ ಹಾಕ್ತೀರಾ ಸಾವಿಗೆ?"

ಯಾರೂ ಮುಚ್ಚಿಸಬೇಕಾಗಿರಲಿಲ್ಲ. ಬುರುಲ್ ತಾನೇ ಮುಚ್ಚಿಕೊಂಡಳು. ಒಂಬತ್ತು ದಿನ. ಬಾಯಾರಿದರೂ ಕೇಳಲಿಲ್ಲ, ಕಾಲು ಸೆಳೆದರೂ ಕರೆಯಲಿಲ್ಲ. ಕೇಳಲಾರದೆ ಎರಡು ಸಲ ಹಾಸಿಗೆ ಒದ್ದೆ ಮಾಡಿಕೊಂಡು, ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ಊರಿಗೆಲ್ಲ ಮಾತು ಹಂಚಿದ ಹೆಂಗಸು, ಬಾಗಿಲಿಗೆ ಬಂದ ಮಾತನ್ನು ಒಳಗೇ ಕೂಡಿಹಾಕಿಕೊಂಡು ಮಲಗಿದ್ದಳು. ಎರಡನೆಯ ಸಲ ಹಾಸಿಗೆ ಬದಲಿಸಿದ ಎಸೆನ್‌ಕುಲ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಹಾಡೇ," ಅಂದ.

ಬುರುಲ್ ತಲೆಯಾಡಿಸಿದಳು. "ಚಮಚ."

"ನನಗೆ ಹೆದರ್ಕೊಂಡು ತಾನೆ? ಅವತ್ತು ಗುಡಾರದಲ್ಲಿ ನಿನ್ನ ತಲೆ ಹಿಡ್ಕೊಂಡಿದ್ದು ನಾನೇ ಕಣೇ. ಕಾರು ಅನ್ನೋ ಬದ್ಲು ಕುರಿ ಅಂದವನೂ ನಾನೇ. ನಿನ್ನ ಬಾಯಿ ಹಾಳು ಮಾಡ್ದವನು ನಾನು. ಈಗ ನಾನು ಬದುಕ್ಲಿ ಅಂತ ನೀನು ಒಣಗಿ ಸಾಯೋದು ಬೇಡ." ಮೂಗು ಒರೆಸಿಕೊಂಡ. "ಎಪ್ಪತ್ತೆರಡು ವರ್ಷ ಆಯ್ತು. ಸಾವಿಗೆ ನಮ್ಮನೆ ಗೊತ್ತಿಲ್ವಾ? ನಿನ್ನ ಹಾಡು ಕೇಳಿ ದಾರಿ ಹುಡುಕ್ಬೇಕಾ? ಬರ್ಲಿ. ಬಂದ್ರೆ ಅದಕ್ಕೂ ಚಹಾ ಹಾಕ್ತೀನಿ. ಬಟ್ಟಲು ತುಂಬ."

ಬುರುಲ್ ಅವನ ಮುಖವನ್ನೇ ನೋಡಿದಳು. ಆಮೇಲೆ ಹಾಡಿದಳು. ಚಹಾ ಬೇಕೆಂದು, ಬೆನ್ನು ನೋಯುತ್ತದೆಂದು, ಕೆಂದ ಹಸುವಿಗೆ ಹುಲ್ಲು ಹಾಕಿದಿರೋ ಇಲ್ಲವೋ ಎಂದು. ಎರಡು ತಿಂಗಳು ಕಟ್ಟಿಕೊಂಡಿದ್ದದ್ದೆಲ್ಲ ಸಾವಿನ ರಾಗದಲ್ಲಿ ಹೊರಗೆ ಬಂತು. ಎಸೆನ್‌ಕುಲ್ ಹೂಂ ಹೂಂ ಎನ್ನುತ್ತ ಕಣ್ಣೊರೆಸಿಕೊಂಡು ಕೆಟಲಿಟ್ಟ.

ಕಿಟಕಿ ತೆರೆದಿತ್ತು. ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ಬೊಬ್ಬೆ. ಕಾಸಿಮಾಲಿ ಮುಂದೆ, ಅವನ ಹಿಂದೆ ಹತ್ತು ಹನ್ನೆರಡು ಗಂಡಸರು, ಸೊಂಟಕ್ಕೆ ವಸ್ತ್ರ ಬಿಗಿದು, ಕೋಲೂರಿಕೊಂಡು ಬಾಗಿ ಬರುತ್ತಿದ್ದರು.

"ಅಯ್ಯೋ ನನ್ನಣ್ಣಾ! ಬೆಟ್ಟದಂಥವನೇ! ನಮ್ಮನ್ನ ಬಿಟ್ಟು ಎಲ್ಲಿಗೆ ಹೋದ್ಯೋ!"

ಎಸೆನ್‌ಕುಲ್ ಕೆಟಲು ಹಿಡಿದುಕೊಂಡೇ ಬಾಗಿಲಿಗೆ ಬಂದ. "ಎಲ್ಲೂ ಹೋಗಿಲ್ಲ ಕಣೋ ಕಾಸಿಮಾಲಿ. ನನ್ ಹೆಂಡ್ತಿ ಚಹಾ ಕೇಳ್ತಿದ್ದಾಳೆ."

ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ. ಕಾಸಿಮಾಲಿ ಕೋಲು ಬಿಸಾಕಿ, "ನನ್ನ ಅಳು ವಾಪಸ್ ಕೊಡು ಅಣ್ಣಾ, ಸುಮ್ನೆ ಹೋಯ್ತು!" ಅಂದ. ಎಲ್ಲರಿಗೂ ಚಹಾ ಆಯಿತು. ಒಳಗೆ ಮಲಗಿದ್ದ ಬುರುಲ್‌ಗೂ ನಗು ಬಂತು.

ಊರು ಬೇಗ ಒಗ್ಗಿಕೊಂಡಿತು. ಕಿಟಕಿಯಿಂದ ಆ ರಾಗ ಕೇಳಿದರೆ ನಲ್ಲಿಯ ಹತ್ತಿರದ ಹೆಂಗಸರು, "ಬುರುಲ್ ಅಪಾಗೆ ಚಹಾದ ಹೊತ್ತಾಯ್ತು," ಎಂದು ಬಿಂದಿಗೆ ಎತ್ತುತ್ತಿದ್ದರು. ಮಕ್ಕಳು ಆಟದಲ್ಲಿ ಆ ರಾಗ ಎತ್ತಿ ರೊಟ್ಟಿ ಕೇಳುತ್ತಿದ್ದವು, ತಾಯಂದಿರು ಗದರುವುದನ್ನೂ ಬಿಟ್ಟರು. ಬುರುಲ್‌ಗೆ ಒಳಗೊಳಗೇ ಕೊರೆಯುತ್ತಿತ್ತು. ಹಾಲು ಕರೆಯುವಾಗಲೂ ನುಂಗಿಕೊಂಡು ಕಾಪಾಡಿದ್ದ ರಾಗ ಈಗ ಬಚ್ಚಲಿಗೆ ಹೋಗಬೇಕು ಎನ್ನುವುದಕ್ಕೂ ಅದೇ. ಎಸೆನ್‌ಕುಲ್ ಮಾತ್ರ ಖುಷಿಯಾಗಿದ್ದ.

"ನೋಡು, ರಾಗಾನೂ ಇದೆ, ಮಾತೂ ಇದೆ. ಇನ್ನು ನಾನು ಆರಾಮಾಗಿ ಹೋಗ್ಬಹುದು."

ಅವನು ಹೋದದ್ದು ಏಪ್ರಿಲ್ ಕೊನೆಯಲ್ಲಿ. ಹಿಮ ಕರಗಿ ಅಂಗಳವೆಲ್ಲ ಕೆಸರಾಗಿತ್ತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹಸುವಿಗೆ ಹುಲ್ಲು ಹಾಕಿ ಬಂದು, ಒಲೆಯ ಮುಂದೆ ಕೂತು ಬೂಟು ಎಳೆಯುತ್ತಿದ್ದ. ಒಂದು ಬೂಟು ಬಂತು. "ತಡಿಯೇ ಮುದುಕಿ, ನಿಂಗೆ ಚಹಾ..." ಎಂದು ಎದೆಗೆ ಕೈ ಇಟ್ಟುಕೊಂಡ. ಹಾಗೇ ಪಕ್ಕಕ್ಕೆ ಒರಗಿದ.

ಬುರುಲ್ ಚಮಚ ಅಂದಳು. ಅವನು ತಿರುಗಲಿಲ್ಲ. ಎಡಗೈ ಊರಿ, ಎಡಗಾಲಿನಿಂದ ಒದ್ದುಕೊಂಡು, ಹಾಸಿಗೆಯ ಸಮೇತ ತೆವಳಿದಳು. ಎರಡು ಮಾರು ದೂರಕ್ಕೆ ಎಷ್ಟು ಹೊತ್ತು ಹಿಡಿಯಿತೋ. ಅವನ ಎಡಗೈ ಸಿಕ್ಕಿತು, ಮೂರು ಬೆರಳಿನ ಕೈ. ಅದು ತಣ್ಣಗಾಗುವವರೆಗೂ ಹಿಡಿದುಕೊಂಡಿದ್ದಳು. ಮನೆಯಲ್ಲಿ ಈಗ ನಿಜವಾಗಿಯೂ ಸಾವಿತ್ತು. ಅವಳು ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿದಳು. ಹಾಡತೊಡಗಿದಳು.

ಬೆರಳೆರಡ ಹಿಮಕೆ ಕೊಟ್ಟು ಮರಿಯೊಂದ ತಂದವನೇ,
ಬೂದಿಯ ತೆಗೆಯದ ಕೈಲಿ ನನ್ನ ಹಾಸಿಗೆ ತೊಳೆದವನೇ,
ತುಂಬಿದ ಬಟ್ಟಲ ಕೊಟ್ಟು ತಾನೇ ಎದ್ದು ಹೋದವನೇ...

ವರ್ಷಗಟ್ಟಲೆ ಹಸುವಿನ ಬೈಗುಳದ ಹಿಂದೆ ಬಚ್ಚಿಟ್ಟಿದ್ದ ಸಾಲುಗಳೂ ಈ ಚಳಿಗಾಲ ಹುಟ್ಟಿದವೂ ಬಂದವು, ಒಂದೂ ಮುರಿಯಲಿಲ್ಲ. ಅಂಥ ಹಾಡನ್ನು ಅವಳು ಯಾವ ವಿಧವೆಗೂ ಕೊಟ್ಟಿರಲಿಲ್ಲ. ಈಗ ಗಂಡಸರ ಬೊಬ್ಬೆ ಕೇಳಬೇಕು, ಹೆಂಗಸರು ಬಂದು ಪಕ್ಕದಲ್ಲಿ ಕೂರಬೇಕು. ಹಾಡುತ್ತಲೇ ಕಿವಿಗೊಟ್ಟಳು.

ಬೇಲಿಯ ಆಚೆ ಕಾಸಿಮಾಲಿ ಗೂಟ ಬಡಿಯುತ್ತಿದ್ದ. "ಅಪಾ ಇವತ್ತು ಜೋರಾಗೇ ಕೇಳ್ತಿದ್ದಾಳಲ್ಲೇ ಚಹಾನ," ಎಂದು ಹೆಂಡತಿಗೆ ಹೇಳಿದ್ದು ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು.

"ಆ ಮುದುಕ ಎಲ್ಲೋ ಕುದುರೆ ನೋಡಕ್ಕೆ ಹೋಗಿರ್ಬೇಕು. ಬರ್ತಾನೆ ಬಿಡಿ."

ಬುರುಲ್ ದನಿ ಏರಿಸಿದಳು. ನಲ್ಲಿಯ ಹತ್ತಿರ ಯಾರೋ ನಕ್ಕರು. ಇನ್ನೂ ಏರಿಸಿದಳು. ಗೂಟದ ಸದ್ದು ನಿಲ್ಲಲಿಲ್ಲ. ಅವನು ಸತ್ತ ಎಂದು ರಾಗದೊಳಗೇ ಹೇಳಿದಳು, ನನ್ನ ಒಡೆಯ ಒಲೆಯ ಮುಂದೆ ಒರಗಿದ ಎಂದು ಹೇಳಿದಳು. ಬೇಲಿಯ ಆಚೆಗೆ ತಲುಪುವುದು ರಾಗ ಮಾತ್ರ, ಆ ರಾಗದ ಅರ್ಥ ಊರಿಗೆಲ್ಲ ಗೊತ್ತಿತ್ತು. ಹತ್ತಾಯಿತು, ಹನ್ನೆರಡಾಯಿತು. ಒಲೆ ಆರಿತು. ದನಿ ಒಡೆದು ಗಾಳಿಯಷ್ಟೇ ಉಳಿದರೂ ಅವಳು ನಿಲ್ಲಿಸಲಿಲ್ಲ.

ಮೂರು ಗಂಟೆಗೆ ಗೇಟು ಕಿರುಗುಟ್ಟಿತು. ಅಸಿಪಾಳ ಹೆಜ್ಜೆ. ಹೊರಕೋಣೆಯಲ್ಲಿ ಕೆಸರಿನ ಬೂಟು ಕಳಚಿದ ಸದ್ದು.

"ಬಂದೆ ಅಪಾ, ಬಂದೇ ಬಿಟ್ಟೆ! ಅತಾ ಎಲ್ಲಿ ಹೋದ್ರು ನಿಮ್ಮನ್ನ ಬಿಟ್ಟು? ಒಂದೈದು ನಿಮಿಷ ತಡೀರಿ."

ಕೆಟಲಿಗೆ ನೀರು ಸುರಿದ ಸದ್ದು, ಹೊರಕೋಣೆಯ ಗ್ಯಾಸ್ ಒಲೆಗೆ ಬೆಂಕಿಕಡ್ಡಿ ಗೀರಿದ ಸದ್ದು. ನೀರು ಕುದಿಯುವವರೆಗೂ ಬುರುಲ್ ಹಾಡಿದಳು. ಬಟ್ಟಲಿಗೆ ಚಹಾ ಬಿದ್ದ ಸದ್ದೂ ಕೇಳಿಸಿತು, ಅರ್ಧ ಬಟ್ಟಲು, ಪ್ರೀತಿಯ ಮನೆಯ ಅಳತೆ. ಅಸಿಪಾ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ರೊಟ್ಟಿ ಹಿಡಿದು, ಬಟ್ಟಲಿನ ಮೇಲೇ ಕಣ್ಣಿಟ್ಟು, ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಒಳಗೆ ಬಂದಳು.

"ಗಂಟಲು ಒಣಗಿ ಹೋಯ್ತಾ ಅಪಾ?" ಅಂದಳು.

ಬುರುಲ್ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಹಾಡು ಇನ್ನೂ ಮುಗಿದಿರಲಿಲ್ಲ.